ಬಾಟಲಿ ಹಿಂದಿರುವ ಹರಳೆಣ್ಣೆ ಯಾವುದು?

ಕಳೆದ ವಾರ ಒಬ್ಬ ಓದುಗರು ಒಂದು ಫೋಟೊ ಕಳಿಸಿದ್ದರು. ಮೇಕಪ್ ತೆಗೆಯುವ ಮೈಸೆಲ್ಲರ್ ವಾಟರ್ ಬಾಟಲಿಯ ಹಿಂಬದಿಯ ಚಿತ್ರ. ಇರುವೆ ಗಾತ್ರದ ಅಕ್ಷರಗಳ ನಡುವೆ ಒಂದು ಹೆಸರಿಗೆ ಕೆಂಪು ಗೆರೆ ಎಳೆದಿದ್ದರು: ಪೆಗ್-40 ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್. ಕೆಳಗೆ ಪ್ರಶ್ನೆ. "ಕ್ಯಾಸ್ಟರ್ ಆಯಿಲ್ ಅಂದ್ರೆ ನಮ್ಮ ಹರಳೆಣ್ಣೆ ತಾನೆ? ಹಾಗಿದ್ರೆ ಇದು ನೀರಿನಷ್ಟು ತೆಳ್ಳಗಿದೆಯಲ್ಲ, ಜಿಡ್ಡೇ ಇಲ್ಲವಲ್ಲ? ಇನ್ನೊಂದು ಕಡೆ ಪೆಗ್ ಇದ್ರೆ ಕ್ಯಾನ್ಸರ್ ಬರುತ್ತೆ ಅಂತ ರೀಲ್ಸ್‌ನಲ್ಲಿ ನೋಡಿದೆ. ಬಳಸಲಾ, ಬಿಸಾಡಲಾ?"

ಒಳ್ಳೇ ಪ್ರಶ್ನೆ. ಮೊದಲು ಒಂದು ಮಾತು ಹೇಳಿಬಿಡ್ತೀನಿ, ಇದು ಶನಿವಾರ ರಾತ್ರಿಯ ಪೆಗ್ ಅಲ್ಲ. ಪಾಲಿ ಎಥಿಲೀನ್ ಗ್ಲೈಕಾಲ್ ಅನ್ನೋ ಉದ್ದ ಹೆಸರಿನ ಮೊದಲ ಅಕ್ಷರಗಳು ಸೇರಿ ಪೆಗ್ ಆಗಿದೆ. ಈ ಸಾಲು ನಿಮ್ಮ ಮನೆಯ ಟೋನರ್, ಫೇಸ್ ಮಿಸ್ಟ್, ಮೌತ್‌ವಾಶ್, ಹೇರ್ ಸೀರಮ್ ಯಾವುದರ ಹಿಂದೆ ಬೇಕಾದರೂ ಸಿಗಬಹುದು. ಓದುಗರ ಪ್ರಶ್ನೆಯಲ್ಲಿ ಎರಡು ನಂಬಿಕೆಗಳಿವೆ. ಒಂದು, ಹರಳೆಣ್ಣೆ ಇದೆ, ಆದ್ದರಿಂದ ಒಳ್ಳೆಯದು. ಇನ್ನೊಂದು, ಪೆಗ್ ಇದೆ, ಆದ್ದರಿಂದ ಕೆಟ್ಟದ್ದು. ಎರಡೂ ಹೆಸರನ್ನಷ್ಟೇ ನೋಡುತ್ತವೆ. ಆ ವಸ್ತು ಬಾಟಲಿಯೊಳಗೆ ಏನು ಕೆಲಸ ಮಾಡ್ತಿದೆ ಅನ್ನೋದನ್ನು ನೋಡೋದಿಲ್ಲ. ನನ್ನ ಪ್ರಕಾರ ಕೇಳಬೇಕಾದ್ದು ಅದನ್ನೇ.

ಹೊಲದ ಬದುವಿನಿಂದ

ಹಳೇ ಮೈಸೂರಿನ ಕಡೆ ಹರಳು, ಉತ್ತರ ಕರ್ನಾಟಕದಲ್ಲಿ ಔಡಲ. ನಮ್ಮ ಅಜ್ಜಿಯ ಊರು ಕುಣಿಗಲ್ ಹತ್ತಿರ. ಅಲ್ಲಿ ಹರಳನ್ನು ಯಾರೂ ದೊಡ್ಡ ಬೆಳೆ ಅಂತ ಬೆಳೀತಿರಲಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ ಜೊತೆ ಅದೂ ನಿಂತಿರುತ್ತಿತ್ತು. ಕಾಯಿ ಒಣಗಿದ ಮೇಲೆ ಬೀಜ ಬಿಡಿಸಿ, ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸುತ್ತಿದ್ದರು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು, ನೀರಿನ ಅಂಶ ಹೋಗುವ ತನಕ ಮತ್ತೆ ಕಾಯಿಸಿದರೆ ವರ್ಷಕ್ಕಾಗುವಷ್ಟು ಎಣ್ಣೆ ಸಿದ್ಧ. ನೆತ್ತಿಗೆ, ಮಗುವಿನ ಹೊಟ್ಟೆಗೆ, ಒಡೆದ ಹಿಮ್ಮಡಿಗೆ, ಎತ್ತಿನ ಗಾಡಿಯ ಅಚ್ಚಿಗೆ, ದೀಪಕ್ಕೆ, ಆ ದೀಪದ ಮಸಿಯಿಂದ ಮಾಡುವ ಕಾಡಿಗೆಗೆ, ಎಲ್ಲಕ್ಕೂ ಒಂದೇ ಎಣ್ಣೆ.

ಜಗತ್ತಿನಲ್ಲಿ ಬೆಳೆಯುವ ಹರಳಿನಲ್ಲಿ ಬಹುಪಾಲು ಭಾರತದ್ದು, ಭಾರತದ್ದರಲ್ಲಿ ಬಹುಪಾಲು ಗುಜರಾತಿನದು. ಪ್ಯಾರಿಸ್ಸಿನ ಲಿಪ್‌ಸ್ಟಿಕ್ ಆಗಲಿ, ಸೋಲ್‌ನ ಕ್ಲೆನ್ಸರ್ ಆಗಲಿ, ಅದರಲ್ಲಿರುವ ಹರಳೆಣ್ಣೆಯ ಮೂಲ ನಮ್ಮ ದೇಶದ ಹೊಲವೇ ಆಗಿರುವ ಸಾಧ್ಯತೆ ಹೆಚ್ಚು.

ಈ ಎಣ್ಣೆಗೆ ಯಾಕಿಷ್ಟು ಬೇಡಿಕೆ? ಕೊಬ್ಬರಿ ಎಣ್ಣೆ ಅಥವಾ ಕಡಲೇಕಾಯಿ ಎಣ್ಣೆಯನ್ನು ಒಂದು ಬೆರಳಿಗೆ, ಹರಳೆಣ್ಣೆಯನ್ನು ಇನ್ನೊಂದು ಬೆರಳಿಗೆ ಹಚ್ಚಿ ನೋಡಿ. ಹರಳೆಣ್ಣೆ ಜೇನಿನ ಹಾಗೆ ಎಳೆಯುತ್ತದೆ. ಅದಕ್ಕೆ ಕಾರಣ ರಿಸಿನೋಲಿಕ್ ಆಮ್ಲ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ 85ರಿಂದ 90ರಷ್ಟು ಇದೊಂದೇ. ನಾವು ದಿನಾ ಬಳಸುವ ಬೇರೆ ಯಾವ ಎಣ್ಣೆಯಲ್ಲೂ ಇದು ಈ ಪ್ರಮಾಣದಲ್ಲಿಲ್ಲ. ಇದರ ವಿಶೇಷ ಏನಪ್ಪಾ ಅಂದ್ರೆ, 18 ಇಂಗಾಲದ ಸರಪಳಿಯ ನಡುವೆ, 12ನೇ ಇಂಗಾಲದ ಹತ್ತಿರ, ಒಂದು ಪುಟ್ಟ ಕೈ ಹೊರಗೆ ಚಾಚಿಕೊಂಡಿದೆ. ಆಮ್ಲಜನಕ ಮತ್ತು ಜಲಜನಕ ಸೇರಿದ ಕೈ. ಈ ಕೈಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದಲೇ ಎಣ್ಣೆ ಅಷ್ಟು ಮಂದ. ಕೆಮಿಸ್ಟ್ರಿ ಗೊತ್ತಿರುವವರಿಗೆ ಆ ಕೈ ಅಂದ್ರೆ ಏನನ್ನಾದರೂ ತಗುಲಿಹಾಕುವ ಗೂಟ. ಹರಳೆಣ್ಣೆ ಇಷ್ಟೊಂದು ರೂಪ ಬದಲಿಸಿದ್ದರ ಹಿಂದೆ ಈ ಕೈಯ ಪಾತ್ರ ದೊಡ್ಡದು.

ಬೀಜದಲ್ಲಿ ರಿಸಿನ್ ಎಂಬ ಘೋರ ವಿಷ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಇದೆ. ಆದರೆ ಅದೊಂದು ಪ್ರೊಟೀನು, ನೀರಿನಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಅಲ್ಲ. ಎಣ್ಣೆ ತೆಗೆದಾಗ ಹಿಂಡಿಯಲ್ಲೇ ಉಳಿಯುತ್ತೆ, ಚೆನ್ನಾಗಿ ಕಾಯಿಸಿದರೆ ಕೆಟ್ಟುಹೋಗುತ್ತೆ. ಬೀಜವನ್ನು ಮಕ್ಕಳ ಕೈಗೆ ಕೊಡಬಾರದು. ಎಣ್ಣೆಯ ವಿಚಾರಕ್ಕೆ ಈ ಹೆದರಿಕೆ ಬೇಡ.

ಮೂರು ಅವತಾರ

ಹರಳೆಣ್ಣೆಯನ್ನು ಬದಲಾಯಿಸುವುದು ಈಗಿನ ಕಾಲದ ತಂತ್ರವಲ್ಲ. 19ನೇ ಶತಮಾನದಲ್ಲೇ ಯುರೋಪಿನ ಬಟ್ಟೆ ಬಣ್ಣದವರು ಹರಳೆಣ್ಣೆಗೆ ಗಂಧಕಾಮ್ಲ ಸೇರಿಸಿ ಟರ್ಕಿ ರೆಡ್ ಆಯಿಲ್ ಅನ್ನೋ ಪದಾರ್ಥ ಮಾಡಿದರು. ಹತ್ತಿ ಬಟ್ಟೆಗೆ ಕಡುಗೆಂಪು ಬಣ್ಣ ಚೆನ್ನಾಗಿ ಹಿಡಿಯಲಿ ಅಂತ. ಎಣ್ಣೆಯಾಗಿದ್ದೂ ನೀರಿನಲ್ಲಿ ಬೆರೆಯುವುದು ಅದರ ಗುಣ. ಸೋಪನ್ನು ಬಿಟ್ಟರೆ ಮನುಷ್ಯ ತಯಾರಿಸಿದ ಮೊದಲ ಡಿಟರ್ಜೆಂಟ್‌ಗಳ ಸಾಲಿನಲ್ಲಿ ಇದಕ್ಕೆ ಜಾಗ ಕೊಡ್ತಾರೆ. ಇವತ್ತಿಗೂ ಕೆಲವು ಸ್ನಾನದ ಎಣ್ಣೆಗಳಲ್ಲಿ ಸಲ್ಫೇಟೆಡ್ ಕ್ಯಾಸ್ಟರ್ ಆಯಿಲ್ ಅನ್ನೋ ಹೆಸರಿನಲ್ಲಿ ಸಿಗುತ್ತೆ.

ಎರಡನೇ ಅವತಾರ ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್. ವನಸ್ಪತಿ ತುಪ್ಪ ಹೇಗೆ ಮಾಡ್ತಾರೆ ಗೊತ್ತಲ್ಲ? ನಿಕ್ಕಲ್ ಪುಡಿಯ ಸಮ್ಮುಖದಲ್ಲಿ, ಒತ್ತಡ ಹಾಕಿ, ಬಿಸಿ ಎಣ್ಣೆಯೊಳಗೆ ಜಲಜನಕ ಹಾಯಿಸ್ತಾರೆ. ಅದೇ ಕೆಲಸವನ್ನು ಹರಳೆಣ್ಣೆಗೆ ಮಾಡಿದರೆ ತುಪ್ಪದ ಬದಲು ಬಿಳಿ, ಗಟ್ಟಿ, ಬೆರಳಲ್ಲಿ ಒತ್ತಿದರೂ ಜಗ್ಗದ ಮೇಣ ಸಿಗುತ್ತೆ. ಅದು ಕರಗಲು ಹೆಚ್ಚುಕಡಿಮೆ 85 ಡಿಗ್ರಿ ಸೆಲ್ಸಿಯಸ್ ಬೇಕು. ಏಪ್ರಿಲ್‌ನಲ್ಲಿ ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗಲೂ ಬ್ಯಾಗಿನೊಳಗಿನ ಲಿಪ್‌ಸ್ಟಿಕ್ ಪಾಯಸ ಆಗದೆ ಕಡ್ಡಿಯಾಗಿ ಉಳಿಯುವುದು ಇಂಥ ಮೇಣಗಳಿಂದ. ಡಿಯೋಡರೆಂಟ್ ಸ್ಟಿಕ್‌ಗಳಲ್ಲೂ ಇದನ್ನು ಬಳಸ್ತಾರೆ. ಇದೇ ಮೇಣದಿಂದ ಬಿಡಿಸಿದ ಆಮ್ಲಕ್ಕೆ ಲಿಥಿಯಂ ಸೇರಿಸಿದರೆ ಗ್ರೀಸ್ ಆಗುತ್ತೆ, ನಿಮ್ಮ ಸ್ಕೂಟರಿನ ಬೇರಿಂಗಿಗೆ ಹಾಕುವಂಥದ್ದು. ಅಜ್ಜಿ ಗಾಡಿಯ ಅಚ್ಚಿಗೆ ಹಚ್ಚಿಸುತ್ತಿದ್ದ ಎಣ್ಣೆ ಸುತ್ತಿ ಬಳಸಿ ಮತ್ತೆ ಗಾಲಿಗೇ ಬಂತು ನೋಡಿ.

ಮೂರನೆಯದು ನಮ್ಮ ಕೆಂಪು ಗೆರೆಯ ಹೆಸರು. ಆ ಮೇಣವನ್ನು ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಎಥಿಲೀನ್ ಆಕ್ಸೈಡ್ ಅನ್ನೋ ಅನಿಲದ ಜೊತೆ ಸೇರಿಸುತ್ತಾರೆ. ಒಂದೊಂದು ಅಣುವಿಗೂ ಸರಾಸರಿ 40 ಎಥಿಲೀನ್ ಆಕ್ಸೈಡ್ ತುಂಡುಗಳು ಸರಪಳಿಯಂತೆ ಅಂಟಿಕೊಳ್ಳುತ್ತವೆ. ಪೆಗ್ ಪಕ್ಕದ 40 ಅಂದ್ರೆ ಅದೇ ಲೆಕ್ಕ. ಈ ಸರಪಳಿಗಳಿಗೆ ನೀರು ಅಂದ್ರೆ ಪ್ರಾಣ. ಹಾಗಾಗಿ ಎಣ್ಣೆಯಾಗಿ ಹುಟ್ಟಿದ್ದು ಈಗ ನೀರಿನಲ್ಲಿ ಸಲೀಸಾಗಿ ಕರಗುತ್ತೆ.

ಒಂದು ಸಣ್ಣ ಲೆಕ್ಕ ಹಾಕೋಣ. ಹೈಡ್ರೋಜನೇಟೆಡ್ ಹರಳೆಣ್ಣೆಯ ಅಣುತೂಕ ಸುಮಾರು 940. ಒಂದು ಎಥಿಲೀನ್ ಆಕ್ಸೈಡ್ ತುಂಡಿನದು 44. ನಲವತ್ತಕ್ಕೆ 1,760. ಒಟ್ಟು 2,700. ಅಂದರೆ ಆ ಉದ್ದ ಹೆಸರಿನ ವಸ್ತುವಿನ ತೂಕದಲ್ಲಿ ಹರಳಿನ ಪಾಲು ಮೂರನೇ ಒಂದರಷ್ಟು ಮಾತ್ರ. ಉಳಿದ ಎರಡು ಪಾಲು ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬರುತ್ತೆ. ಕಬ್ಬಿನ ಕಾಕಂಬಿಯಿಂದ ಆಲ್ಕೋಹಾಲ್ ಮಾಡಿ, ಅದರಿಂದ ಎಥಿಲೀನ್ ಆಕ್ಸೈಡ್ ಮಾಡುವ ದಾರಿಯೂ ಇದೆ, ನಮ್ಮ ದೇಶದಲ್ಲೇ ಅದನ್ನು ಮಾಡ್ತಾರೆ. ಏನೇ ಇರಲಿ, ಬಾಟಲಿಯ ಮುಂದೆ ಹರಳಿನ ಎಲೆಯ ಚಿತ್ರ ಹಾಕಿ "ಹರಳೆಣ್ಣೆಯ ಪೋಷಣೆ" ಅಂತ ಬರೆದು, ಹಿಂದೆ ಈ ಒಂದು ಹೆಸರು ಮಾತ್ರ ಇದ್ದರೆ ನಗಬೇಕಾಗುತ್ತೆ. ಅಜ್ಜಿಯ ಹರಳೆಣ್ಣೆ ಮಾಡುತ್ತಿದ್ದ ಕೆಲಸ ಇದರದ್ದಲ್ಲ.

ಹಾಗಾದರೆ ಇದರ ಕೆಲಸ ಏನು?

ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಎರಡು ವರ್ಷ ಕ್ರೀಮು, ಲೋಷನ್ ಬೆರೆಸುವ ಕೆಲಸ ಮಾಡಿದ್ದೆ. ಹೊಸಬರಿಗೆ ಮೊದಲ ದಿನ ತೋರಿಸುತ್ತಿದ್ದ ಪಾಠ ಒಂದಿತ್ತು. ಒಂದು ಬೀಕರ್ ನೀರಿಗೆ ನಾಲ್ಕು ಹನಿ ಗುಲಾಬಿ ಸುಗಂಧ ಹಾಕಿ ಕಲಕು ಅಂತಿದ್ದರು. ಎಷ್ಟು ಕಲಕಿದರೂ ನೀರು ಮಜ್ಜಿಗೆ ಬಣ್ಣಕ್ಕೆ ತಿರುಗಿ, ಸ್ವಲ್ಪ ಹೊತ್ತಿಗೆ ಎಣ್ಣೆ ಮೇಲೆ ಕಣ್ಣುಕಣ್ಣಾಗಿ ತೇಲುತ್ತಿತ್ತು. ಇನ್ನೊಂದು ಬೀಕರ್‌ನಲ್ಲಿ ಮೊದಲು ಆ ಸುಗಂಧಕ್ಕೆ ಅದರ ಹಲವು ಪಟ್ಟು ಪೆಗ್-40 ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್ ಬೆರೆಸಿ, ಆಮೇಲೆ ನಿಧಾನವಾಗಿ ನೀರು ಹಾಕಿಸುತ್ತಿದ್ದರು. ಈ ಸಲ ನೀರು ತಿಳಿಯಾಗಿ, ಬೀಕರ್ ಹಿಂದೆ ಪತ್ರಿಕೆ ಹಿಡಿದು ಓದುವಷ್ಟು ಸ್ವಚ್ಛವಾಗಿರುತ್ತಿತ್ತು. ಸುಗಂಧ ಎಲ್ಲೂ ಹೋಗಿಲ್ಲ, ಒಳಗೇ ಇದೆ. ಕಣ್ಣಿಗೆ ಕಾಣಿಸುತ್ತಿಲ್ಲ ಅಷ್ಟೆ.

ಈ ಅಣುವಿಗೆ ಎರಡು ಬದಿ. ಒಂದು ಬದಿಗೆ ಎಣ್ಣೆ ಇಷ್ಟ, ಇನ್ನೊಂದಕ್ಕೆ ನೀರು ಇಷ್ಟ. ಹತ್ತಾರು ಅಣುಗಳು ಎಣ್ಣೆಯ ಸಣ್ಣ ಕಣವನ್ನು ನಡುವೆ ಇಟ್ಟುಕೊಂಡು ಸುತ್ತ ನಿಲ್ಲುತ್ತವೆ. ಈ ಗುಂಪಿಗೇ ಮೈಸೆಲ್ ಅಂತ ಹೆಸರು, ಮೈಸೆಲ್ಲರ್ ವಾಟರ್ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿದ್ದರೆ ಮೂಟೆ ಹೊರುವ ಹಮಾಲರನ್ನು ನೋಡಿರ್ತೀರಿ. ಈ ವಸ್ತು ಅಂಥ ಹಮಾಲಿ. ನೀರಿನಲ್ಲಿ ತಾನಾಗಿ ನಡೆಯಲಾರದ ಎಣ್ಣೆಯನ್ನು ಹೊತ್ತು ತರುತ್ತೆ. ಮೈಸೆಲ್ಲರ್ ವಾಟರಿನಲ್ಲಿ ಇಂಥ ಹಮಾಲಿಗಳು ಉಲ್ಟಾ ದಿಕ್ಕಿನಲ್ಲೂ ಕೆಲಸ ಮಾಡುತ್ತವೆ, ಮುಖದ ಮೇಲಿನ ಮೇಕಪ್ಪನ್ನೂ ಜಿಡ್ಡನ್ನೂ ಎತ್ತಿ ಹತ್ತಿಗೆ ಸಾಗಿಸುತ್ತವೆ.

ಕೆಲವು ಗ್ಲಾಕೋಮಾ ಕಣ್ಣಿನ ಹನಿಗಳಲ್ಲೂ ಇದೇ ವಸ್ತು ಇದೆ. ನೀರಿನಲ್ಲಿ ಕರಗದ ಔಷಧಿಯನ್ನು ಅಲ್ಲಿ ಹೊರುತ್ತೆ. ಕಣ್ಣಿಗೇ ಹಾಕಲು ಬಳಸುವ ವಸ್ತುವನ್ನು ಚರ್ಮಕ್ಕೆ ತಗುಲಿದರೆ ವಿಷ ಅನ್ನುವ ಹಾಗೆ ತೋರಿಸುವ ರೀಲ್ಸ್ ನೋಡಿದಾಗ ಇದು ನೆನಪಿರಲಿ.

ಹಮಾಲಿ ಸರಿ, ಮೂಟೆಯಲ್ಲೇನಿದೆ?

ನಾನು ಇಷ್ಟೆಲ್ಲ ಬರೆಯಲು ಕಾರಣ ನನ್ನ ಚಿಕ್ಕಪ್ಪನ ಮಗಳು. ಹೊಸ ಕೆಲಸ, ದಿನಕ್ಕೆ ಆರು ವಿಡಿಯೊ ಕಾಲ್. ಸೇರಿದ ಎರಡು ತಿಂಗಳಿಗೆ ಕಣ್ಣ ರೆಪ್ಪೆ ಊದಿಕೊಂಡು, ದವಡೆಯ ಉದ್ದಕ್ಕೂ ಕೆಂಪಗೆ ಗುಳ್ಳೆ. ಮನೆಯಲ್ಲಿ ಎರಡು ಪಕ್ಷ ಆಯಿತು. ಅವಳು ಬೆಳಿಗ್ಗೆ ಸಂಜೆ ಹಚ್ಚುತ್ತಿದ್ದ ಟೋನರ್ ನೋಡಿ ಚಿಕ್ಕಮ್ಮ, "ಇದರಲ್ಲಿ ಹರಳೆಣ್ಣೆ ಇದೆ ಕಣೇ, ತಂಪು, ಇದರಿಂದ ಏನೂ ಆಗಲ್ಲ" ಅಂದರು. ಅವಳ ಆಫೀಸಿನ ಗೆಳತಿ, "ಪೆಗ್ ಅಂದ್ರೆ ಪೆಟ್ರೋಲು, ಅದೇ ಕಾರಣ" ಅಂದಳು. ಈ ವಾದ ನಡೆಯುತ್ತಿರುವಾಗಲೇ ಅವಳು ಬೀದಿಯ ಮೆಡಿಕಲ್ ಶಾಪಿನಿಂದ ಒಂದು ಮುಲಾಮು ತಂದು ಹಚ್ಚತೊಡಗಿದಳು. ಎರಡೇ ದಿನಕ್ಕೆ ಕೆಂಪು ಮಾಯ. ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ವಾಪಸ್. ಮತ್ತೆ ಮುಲಾಮು. ಹೀಗೇ ನಾಲ್ಕು ತಿಂಗಳು.

ಆ ಮುಲಾಮಿನಲ್ಲಿದ್ದದ್ದು ಸ್ಟಿರಾಯ್ಡ್. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ, ರಕ್ತನಾಳದ ಗೆರೆಗಳು ಕಾಣಿಸಿಕೊಳ್ಳುತ್ತವೆ, ಬಿಟ್ಟ ಕೂಡಲೇ ಉರಿ ಹೆಚ್ಚುತ್ತೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೌಂಟರಿನಲ್ಲಿ ಹೆಸರು ಹೇಳಿದರೆ ಸಿಗುತ್ತಿರುವುದು ನಿಮಗೂ ಗೊತ್ತು. ಬಿಸಿಲಿಗೆ ಹೋಗಲಾಗದೆ, ಕ್ಯಾಮೆರಾ ಆನ್ ಮಾಡಲು ಮನಸ್ಸಾಗದೆ ಅವಳು ಕೆಲಸ ಬಿಡುವ ಮಾತಾಡುತ್ತಿದ್ದ ಹೊತ್ತಿಗೆ ಚರ್ಮ ವೈದ್ಯರ ಬಳಿ ಕರೆದುಕೊಂಡು ಹೋದೆವು.

ವೈದ್ಯೆ ಮುಖಕ್ಕೆ ಹಚ್ಚುತ್ತಿದ್ದ ಎಲ್ಲವನ್ನೂ ಚೀಲದಲ್ಲಿ ಹಾಕಿ ತರಲು ಹೇಳಿದರು. ಸ್ಟಿರಾಯ್ಡನ್ನು ಹೇಗೆ ಬಿಡಿಸಬೇಕು ಅಂತ ಪ್ರತ್ಯೇಕವಾಗಿ ಬರೆದುಕೊಟ್ಟರು. ಚರ್ಮ ತಹಬಂದಿಗೆ ಬಂದ ಮೇಲೆ ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ನಾಲ್ಕನೇ ದಿನ ಮತ್ತೆ ನೋಡುವ ಪರೀಕ್ಷೆ. ಕೆಂಪಾಗಿದ್ದು ಸುಗಂಧದ್ರವ್ಯಗಳ ಪಟ್ಟಿ.

ಟೋನರ್ ಬಾಟಲಿ ತಿರುಗಿಸಿ ನೋಡಿದರೆ ಎಲ್ಲ ಅಲ್ಲೇ ಬರೆದಿತ್ತು. ಮೊದಲು ನೀರು, ಗ್ಲಿಸರಿನ್, ಆಮೇಲೆ ಪೆಗ್-40 ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್, ಅದರ ಬೆನ್ನಿಗೇ ಪರ್ಫ್ಯೂಮ್, ಲಿನಲೂಲ್, ಲಿಮೊನೀನ್. ಅವಳನ್ನು ಕಾಡಿದ್ದು ಹಮಾಲಿ ಹೊತ್ತು ತಂದ ಮೂಟೆ. ಹರಳೆಣ್ಣೆ ತಂಪು ಅಂದ ಚಿಕ್ಕಮ್ಮನೂ ಪೆಗ್ ಪೆಟ್ರೋಲು ಅಂದ ಗೆಳತಿಯೂ ಮೂಟೆ ಹೊತ್ತವನ ಹೆಸರಿನ ಬಗ್ಗೆ ಜಗಳ ಆಡುತ್ತಿದ್ದರು. ನಾಲ್ಕು ತಿಂಗಳು ದಿನಕ್ಕೆ ಎರಡು ಬಾರಿ ಅದೇ ಮೂಟೆ ಮುಖದ ಮೇಲೆ ಇಳಿಯುತ್ತಿತ್ತು.

ಆದ್ದರಿಂದ ಈ ಹೆಸರನ್ನು ಒಂದು ಸುಳಿವಿನ ಹಾಗೆ ಓದಿ. ನೀರಿನಂಥ, ಪಾರದರ್ಶಕ ಬಾಟಲಿಯ ಹಿಂದೆ ಇದು ಕಾಣಿಸಿದರೆ ಬಹುತೇಕ ಒಳಗೆ ನೀರಿನಲ್ಲಿ ಕರಗದ ಏನೋ ಒಂದಿದೆ ಅಂತ ಅರ್ಥ. ಅದು ವಿಟಮಿನ್ ಇ ಇರಬಹುದು, ಟೀ ಟ್ರೀ ಎಣ್ಣೆ ಇರಬಹುದು, ಬರೀ ಪರಿಮಳ ಇರಬಹುದು. ಪಟ್ಟಿಯಲ್ಲಿ ಅದನ್ನು ಹುಡುಕಿ. ಯುರೋಪಿನಲ್ಲಿ ಅಲರ್ಜಿ ತರಬಲ್ಲ 26 ಸುಗಂಧ ವಸ್ತುಗಳನ್ನು, ಹಚ್ಚಿ ಬಿಡುವ ಉತ್ಪನ್ನದಲ್ಲಿ ಶೇ 0.001 ಮೀರಿದರೆ ಹೆಸರಿಸಿ ಬರೆಯಬೇಕೆಂಬ ನಿಯಮ ಹಿಂದಿನಿಂದಲೂ ಇದೆ. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಹೆಚ್ಚಿಗೆ ಏರಿಸಿದರು. ನಮ್ಮಲ್ಲಿ ಅನೇಕ ಬಾಟಲಿಗಳ ಮೇಲೆ ಫ್ರಾಗ್ರೆನ್ಸ್ ಎಂಬ ಒಂದೇ ಪದ ಇರುತ್ತೆ. ಆ ಒಂದು ಪದದೊಳಗೆ ಹತ್ತಾರು ವಸ್ತುಗಳಿರಬಹುದು.

ಹೆದರಿಕೆಯ ಭಾಗ

ರೀಲ್ಸ್‌ನ ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ಪೂರ್ತಿ ಗಾಳಿಮಾತಲ್ಲ. ಎಥಿಲೀನ್ ಆಕ್ಸೈಡ್ ಅನಿಲ ಕ್ಯಾನ್ಸರ್‌ಕಾರಕ, ಅದರಲ್ಲಿ ಅನುಮಾನ ಇಲ್ಲ. ಆಸ್ಪತ್ರೆಯ ಸಿರಿಂಜುಗಳನ್ನು ಕ್ರಿಮಿರಹಿತ ಮಾಡಲು ಬಳಸುವುದೂ ಇದನ್ನೇ. 2020ರಲ್ಲಿ ಭಾರತದಿಂದ ಹೋದ ಎಳ್ಳಿನಲ್ಲಿ ಇದರ ಉಳಿಕೆ ಸಿಕ್ಕಿ ಯುರೋಪಿನಲ್ಲಿ ದೊಡ್ಡ ಗಲಾಟೆ ಆಗಿತ್ತು. ಆದರೆ ಹರಳೆಣ್ಣೆಯ ಜೊತೆ ಸೇರಿ ಸರಪಳಿಯಾದ ಮೇಲೆ ಅದು ಆ ಅನಿಲವಾಗಿ ಉಳಿದಿರುವುದಿಲ್ಲ. ಉಪ್ಪಿನಲ್ಲಿ ಕ್ಲೋರಿನ್ ಇದೆ ಅಂತ ಸಾರಿಗೆ ಉಪ್ಪು ಹಾಕದೆ ಇರ್ತೀವಾ?

ಗಮನಿಸಬೇಕಾದ ವಿಷಯ ಬೇರೆ ಇದೆ. ಈ ತಯಾರಿಕೆಯಲ್ಲಿ 1,4-ಡಯಾಕ್ಸೇನ್ ಎಂಬ ಉಪವಸ್ತು ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತೆ. ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿಗೆ ಸೇರಿಸಿದ್ದಾರೆ. ಕೊನೆಯಲ್ಲಿ ನಿರ್ವಾತದ ಒತ್ತಡದಲ್ಲಿ ಹಬೆ ಹಾಯಿಸಿ ಅದನ್ನು ಎಳೆದು ತೆಗೆಯಬಹುದು, ಒಳ್ಳೆಯ ತಯಾರಕರು ತೆಗೆಯುತ್ತಾರೆ. ಯುರೋಪಿನ ಗ್ರಾಹಕ ಸುರಕ್ಷತಾ ವಿಜ್ಞಾನ ಸಮಿತಿ, ಸೌಂದರ್ಯ ಉತ್ಪನ್ನದ ಹತ್ತು ಲಕ್ಷ ಪಾಲಿನಲ್ಲಿ 10 ಪಾಲು ಮೀರದಿದ್ದರೆ ಸುರಕ್ಷಿತ ಅಂತ ಹೇಳಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯ 2022ರ ಕೊನೆಯಿಂದ ಸೌಂದರ್ಯವರ್ಧಕಗಳಿಗೆ ಇದೇ 10ರ ಮಿತಿಯನ್ನು ಕಾನೂನು ಮಾಡಿತು, ಶಾಂಪೂ, ಬಾಡಿವಾಶ್ ಥರದವಕ್ಕೆ ಇನ್ನೂ ಬಿಗಿ ಮಾಡಿತು. ಇದು ಬಾಟಲಿಯ ಪಟ್ಟಿಯಲ್ಲಿ ಕಾಣಿಸುವ ವಿಷಯ ಅಲ್ಲ, ಯಾಕಂದ್ರೆ ಯಾರೂ ಬೇಕಂತ ಹಾಕುವುದಿಲ್ಲ. ಹಾಗಾಗಿ ಹೆಸರು ನೋಡಿ ಹೆದರುವುದಕ್ಕಿಂತ, "ನಿಮ್ಮ ಉತ್ಪನ್ನದಲ್ಲಿ 1,4-ಡಯಾಕ್ಸೇನ್ ಎಷ್ಟಿದೆ, ಪರೀಕ್ಷೆ ಮಾಡಿಸಿದ್ದೀರಾ?" ಅಂತ ಕಂಪನಿಯ ಗ್ರಾಹಕ ಸೇವೆಗೆ ಒಂದು ಮೇಲ್ ಹಾಕಿ. ಉತ್ತರ ಕೊಡುವ ರೀತಿಯಲ್ಲೇ ಬಹಳಷ್ಟು ಗೊತ್ತಾಗುತ್ತೆ.

ಇನ್ನೊಂದು ಸಂದೇಶವೂ ಓಡಾಡುತ್ತಿದೆ, ಪೆಗ್ ಸೇರಿಸಿದ ಹರಳೆಣ್ಣೆಯಿಂದ ಕ್ಯಾನ್ಸರ್ ರೋಗಿಗಳಿಗೆ ತೀವ್ರ ಅಲರ್ಜಿ ಆಗಿದೆ ಅಂತ. ಅದು ನಿಜವೇ. ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧಿಯನ್ನು ಕರಗಿಸಲು ಇದರ ಸಂಬಂಧಿಯೊಂದನ್ನು ಬಳಸುತ್ತಾರೆ, ಇಂಥ ಪ್ರತಿಕ್ರಿಯೆ ಆಗಬಹುದೆಂದು ಮೊದಲೇ ರಕ್ಷಣೆಯ ಔಷಧಿ ಕೊಡುತ್ತಾರೆ. ಆದರೆ ಅದು ನೇರವಾಗಿ ರಕ್ತನಾಳಕ್ಕೆ ಹೋಗುವ ದೊಡ್ಡ ಪ್ರಮಾಣ. ಟೋನರ್‌ನಲ್ಲಿ ಚರ್ಮದ ಮೇಲೆ ಇರುವುದಕ್ಕೂ ಅದಕ್ಕೂ ತುಂಬಾ ಅಂತರ ಇದೆ. ಪೆಗ್‌ಗೇ ಅಲರ್ಜಿ ಇರುವವರು ಬಹಳ ವಿರಳ. ಅಂಥವರು ನೀವಾಗಿದ್ದರೆ ಈ ಸಾಲನ್ನು ಎಲ್ಲೆಡೆ ತಪ್ಪಿಸಲೇಬೇಕು, ವೈದ್ಯರ ಮಾತನ್ನೇ ಕೇಳಬೇಕು.

ನಿಮ್ಮ ಬಚ್ಚಲಮನೆಯಲ್ಲಿ

ಫೋನಿನ ಕ್ಯಾಮೆರಾ ತೆಗೆದು ಅಕ್ಷರ ದೊಡ್ಡದು ಮಾಡಿ. ರಿಸಿನಸ್ ಕಮ್ಯೂನಿಸ್ ಸೀಡ್ ಆಯಿಲ್ ಅಂತಿದ್ದರೆ ಅದು ನಮ್ಮ ಮಾಮೂಲಿ ಹರಳೆಣ್ಣೆ. ಬರೀ ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್ ಅಂತಿದ್ದರೆ ಮೇಣ. ಪೆಗ್ ಮತ್ತು ಒಂದು ಸಂಖ್ಯೆ ಮುಂದೆ ಇದ್ದರೆ ಹಮಾಲಿ. ಕೊನೆಯ ಎರಡು ಪದ ನೋಡಿ ತೀರ್ಮಾನ ಮಾಡಬೇಡಿ, ಮುಂದಿರುವ ಪದವೇ ಕೆಲಸ ಹೇಳುತ್ತೆ.

ಆಮೇಲೆ ಪಟ್ಟಿಯಲ್ಲಿ ಎಲ್ಲಿದೆ ನೋಡಿ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದಂತೆ ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಆ ನಂತರ ಹೇಗೆ ಬೇಕಾದರೂ ಬರೆಯಬಹುದು. ಮುಂದೆ ದೊಡ್ಡದಾಗಿ ಬರೆದ ಎಣ್ಣೆ ಹಿಂದಿನ ಪಟ್ಟಿಯಲ್ಲಿ ಸಂರಕ್ಷಕಗಳ ಜೊತೆ ಕೊನೆಯಲ್ಲಿ ಕೂತಿದ್ದರೆ, ಅದು ಒಂದೆರಡು ಹನಿಯ ಮಾತು.

ಮೈಸೆಲ್ಲರ್ ವಾಟರ್ ಬಳಸುವವರಿಗೆ ಒಂದು ಮಾತು. ಬಾಟಲಿಯ ಮೇಲೆ ತೊಳೆಯಬೇಕಿಲ್ಲ ಅಂತ ಬರೆದಿದ್ದರೂ, ಮುಖ ಒಣಗಿದಂತೆ, ಬಿಗಿದಂತೆ ಅನ್ನಿಸಿದರೆ ತಣ್ಣೀರಿನಲ್ಲಿ ತೊಳೆಯಿರಿ. ಮೇಕಪ್ ಎತ್ತುವ ಹಮಾಲಿ ರಾತ್ರಿಯಿಡೀ ಮುಖದ ಮೇಲೆ ಕೂತಿದ್ದರೆ ನಿಮ್ಮ ಚರ್ಮದ ಸ್ವಂತ ಜಿಡ್ಡಿಗೂ ಕೈ ಹಾಕಬಹುದು.

ಹೊಸದೇನಾದರೂ ತಂದರೆ ನೇರವಾಗಿ ಮುಖಕ್ಕೆ ಬೇಡ. ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಕಂಡರೆ ಅಲ್ಲಿಗೇ ನಿಲ್ಲಿಸಿ. ಮುಖದಲ್ಲಿ ಈಗಾಗಲೇ ಗುಳ್ಳೆ, ಊತ ಇದ್ದರೆ ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಟ್ಯೂಬ್ ಬೇಡವೇ ಬೇಡ. ಹಚ್ಚಿ ಅಭ್ಯಾಸವಾಗಿದ್ದರೆ ಅದನ್ನು ಬಿಡಿಸಲಿಕ್ಕೂ ವೈದ್ಯರೇ ಬೇಕು, ನಿಮ್ಮಷ್ಟಕ್ಕೆ ಪ್ರಯೋಗ ಮಾಡಬೇಡಿ.

ಚಿಕ್ಕಪ್ಪನ ಮಗಳ ಮುಖ ಸರಿಯಾಗಲು ಸುಮಾರು ಏಳು ತಿಂಗಳು ಹಿಡಿಯಿತು. ಕೆಲಸ ಬಿಡಲಿಲ್ಲ. ಈಗ ಅವಳು ಬಳಸುವುದು ಪರಿಮಳವಿಲ್ಲದ ಒಂದು ಫೇಸ್‌ವಾಶ್, ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಆ ಮಾಯಿಶ್ಚರೈಸರ್ ಪಟ್ಟಿಯಲ್ಲೂ ಹೈಡ್ರೋಜನೇಟೆಡ್ ಕ್ಯಾಸ್ಟರ್ ಆಯಿಲ್ ಇದೆ, ಅದರಿಂದ ಅವಳಿಗೆ ಏನೂ ಆಗಿಲ್ಲ.

ಫೋಟೊ ಕಳಿಸಿದ ಓದುಗರಿಗೆ ನನ್ನ ಉತ್ತರ: ಪೆಗ್ ಇದೆ ಅಂತ ಬಿಸಾಡಬೇಡಿ, ಹರಳೆಣ್ಣೆ ಇದೆ ಅಂತ ಇಟ್ಟುಕೊಳ್ಳಲೂ ಬೇಡಿ. ನಿಮ್ಮ ಫೋಟೊದಲ್ಲಿ ಆ ಕೆಂಪು ಗೆರೆಯ ಎರಡು ಹೆಸರು ಆಚೆಗೆ ಪರ್ಫ್ಯೂಮ್ ಅಂತ ಇದೆ. ಪರಿಮಳ ನಿಮ್ಮ ಚರ್ಮಕ್ಕೆ ಇದುವರೆಗೆ ತೊಂದರೆ ಕೊಟ್ಟಿಲ್ಲವಾದರೆ ಬಾಟಲಿ ಖಾಲಿ ಮಾಡಿ, ಬಳಸಿದ ಮೇಲೆ ಮುಖ ತೊಳೆಯಿರಿ. ಕೊಟ್ಟಿದ್ದರೆ ಅದನ್ನು ಪರಿಮಳ ಬೇಡ ಅನ್ನದ ಮನೆಯವರಿಗೆ ದಾಟಿಸಿ. ಹರಳೆಣ್ಣೆಯೇ ಬೇಕು ಅಂತಿದ್ದರೆ ಗಾಣದ ಅಂಗಡಿಯಿಂದ ಒಂದು ಸಣ್ಣ ಸೀಸೆ ತಂದು, ಮಲಗುವ ಮುನ್ನ ಒಡೆದ ಹಿಮ್ಮಡಿಗೆ ಹಚ್ಚಿ ಸಾಕ್ಸ್ ಹಾಕಿಕೊಳ್ಳಿ. ಹಾಸಿಗೆಗೆ ಮೆತ್ತಿದರೆ ಮಾತ್ರ ನನ್ನನ್ನು ಬೈಯಬೇಡಿ.